ಓಡುವ ಯಂತ್ರದ ಆಯುಷ್ಯ

ಓಡುತ್ತಿರುವ ಯಂತ್ರವನ್ನು ಸತ್ತಿತೆಂದು ಒಪ್ಪಿಕೊಳ್ಳುವುದು ನಮ್ಮ ಕೊಪ್ಪಳ ಸೀಮೆಯ ಜನಕ್ಕೆ ಬಹಳ ಕಷ್ಟ. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸುತ್ತಾರೆ, ಮತ್ತೆ ಸುಟ್ಟರೆ ಮತ್ತೆ ಮಾಡಿಸುತ್ತಾರೆ. ಅಪ್ಪ ಕೊಂಡ ಟ್ರ್ಯಾಕ್ಟರನ್ನು ಮಗ ಹೊಡೆಯುತ್ತಾನೆ. ತವರಿನಿಂದ ಬಂದ ಹೊಲಿಗೆ ಯಂತ್ರ ಮೊಮ್ಮಗಳ ಕಾಲಿನ ಕೆಳಗೂ ತಿರುಗುತ್ತಿರುತ್ತದೆ. ಇದು ಜಿಪುಣತನವಲ್ಲ. ಮಳೆಯನ್ನು ನಂಬಿ ಬದುಕುವ ಊರಲ್ಲಿ ಕೈಗೆ ಬಂದ ವಸ್ತುವಿನ ಋಣ ತೀರುವತನಕ ಅದನ್ನು ಬಿಡಬಾರದೆಂಬುದು ಒಂದು ನಡತೆ. ಇಂಥ ಜನರ ಎದುರು ನಿಂತು, ಗುಂಡಿ ಒತ್ತಿದೊಡನೆ ಏಳುವ, ಹೇಳಿದ ಕೆಲಸವನ್ನೆಲ್ಲ ಮಾಡುವ ಕಂಪ್ಯೂಟರನ್ನು ತೋರಿಸಿ "ಇದರ ಕಾಲ ಮುಗೀತ್ರೀ" ಎಂದು ಹೇಳುವ ಪ್ರಸಂಗ ಈಗ ಬಂದಿದೆ.

ಗಂಗಾವತಿಯ ಯಾವುದಾದರೂ ಅಕ್ಕಿ ಗಿರಣಿಯ ತೂಕದ ಕಟ್ಟೆಗೆ ಹೋಗಿ ನೋಡಿ. ತುಂಗಭದ್ರೆಯ ನೀರುಂಡು ಬೆಳೆದ ಭತ್ತ ತುಂಬಿದ ಲಾರಿ ಬಂದು ನಿಲ್ಲುತ್ತದೆ. ಪಕ್ಕದ ಸಣ್ಣ ಕೋಣೆಯಲ್ಲಿ ತೌಡಿನ ಧೂಳು ಹೊದ್ದುಕೊಂಡ ಕಂಪ್ಯೂಟರ್ ಇರುತ್ತದೆ. ಅದರ ಬೆನ್ನಲ್ಲಿರುವ ಹಳೆಯ ಸೀರಿಯಲ್ ಪೋರ್ಟಿನ ಮೂಲಕ ತೂಕದ ಅಂಕಿ ಒಳಗೆ ಬರುತ್ತದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರಕರ ಸದ್ದು ಮಾಡುತ್ತ ಚೀಟಿಯನ್ನು ಹೊರಗೆ ಕೊಡುತ್ತದೆ. ಕೊಪ್ಪಳದ ಡಿಟಿಪಿ ಅಂಗಡಿಯಲ್ಲಿ ನುಡಿ ಮತ್ತು ಪೇಜ್‌ಮೇಕರ್ ತೆರೆದುಕೊಂಡು ಲಗ್ನಪತ್ರಿಕೆಯೂ ಗವಿಮಠದ ಜಾತ್ರೆಯ ಕರಪತ್ರವೂ ತಯಾರಾಗುತ್ತಿರುತ್ತವೆ. ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲಿ ಪಹಣಿಗೆ, ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತಿರುತ್ತದೆ. ಯಲಬುರ್ಗಾದ ಎರೆಹೊಲದ ಮನೆಯಿಂದ ಬಿ.ಕಾಂ ಓದಲು ಹೋಗುವ ಹುಡುಗಿಯ ಚೀಲದಲ್ಲಿ ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇರುತ್ತದೆ. ಇವೆಲ್ಲ ಓಡುತ್ತಿರುವ ಯಂತ್ರಗಳು. ಒಂದೊಂದರ ಹಿಂದೆಯೂ ಒಂದೊಂದು ಮನೆಯ ಅನ್ನವಿದೆ.

2025ರಲ್ಲಿ ಅಕ್ಟೋಬರ್ 1ಕ್ಕೆ ಮಹಾನವಮಿ ಬಂತು. ಅಂದು ಇಂಥ ಯಂತ್ರಗಳಿಗೆಲ್ಲ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿ ಕಾಯಿ ಒಡೆದರು. ಅದಾದ ಹದಿಮೂರನೆಯ ದಿನ, ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ತನ್ನ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈ 29ರಂದು ಬಂದಿದ್ದ ಆ ಕಾರ್ಯಾಚರಣ ವ್ಯವಸ್ಥೆ ಹತ್ತು ವರ್ಷ ಬಾಳಿತ್ತು. ಬೆಂಬಲ ನಿಂತಿತು ಎಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ ಕಂಪನಿ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚಿನ ಅವಧಿ ಪ್ರಕಟಿಸಿತು. ಅದೂ ಗೊತ್ತಿದ್ದವರಿಗೆ ಮಾತ್ರ ದಕ್ಕಿದ ಅನುಕೂಲ.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ ಎಂದು ರಿಪೇರಿ ಅಂಗಡಿಗೆ ಹೋದವರಿಗೆ ಸಿಗುವ ಉತ್ತರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ. "ಇದಕ್ಕ ಹನ್ನೊಂದು ಹತ್ತಂಗಿಲ್ರೀ. ಚಿಪ್ ಇಲ್ಲ."

ಚಿಪ್ ಎಂದರೆ ಟಿಪಿಎಂ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಮುಂದಿಟ್ಟ ಷರತ್ತುಗಳಲ್ಲಿ ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಜಾಗ ಇವೆಲ್ಲ ಹಳೆಯ ಯಂತ್ರಗಳೂ ದಾಟಬಲ್ಲ ಹೊಸ್ತಿಲುಗಳು. ಎಡವುವುದು ಮೂರು ಕಡೆ: ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ ಫರ್ಮ್‌ವೇರ್, ಮತ್ತು ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಪ್ರೊಸೆಸರ್. ಆ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ, ಅಂದರೆ 2017ರ ಕೊನೆಯಿಂದ ಈಚೆಗೆ ಬಂದವುಗಳಿಂದ ಶುರುವಾಗುತ್ತದೆ.

ಈ ಚಿಪ್ಪನ್ನು ಬೈಯುವವರು ಬಹಳ. ನನಗೆ ಮಾತ್ರ ಅದರ ಮೇಲೆ ಗೌರವವಿದೆ. ಅದು ಮಾಡುವ ಕೆಲಸ ನಮಗೆ ಹೊಸದೇನಲ್ಲ. ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವುಗಳನ್ನು ಹಿರಿಯರು ಕಂಡಿದ್ದಾರೆ. ನೆಲದೊಳಗಿನ ಆ ಕಣಜ ತುಂಬಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಸಾರಿಸಿಬಿಡುತ್ತಿದ್ದರು. ಯಾರಾದರೂ ಬಗೆದಿದ್ದರೆ ಮೆತ್ತಿದ ಮಣ್ಣು ನೋಡಿದೊಡನೆ ಗೊತ್ತಾಗುತ್ತಿತ್ತು. ಟಿಪಿಎಂ ಕಾಯುವುದೂ ಹೀಗೆ. ಕಂಪ್ಯೂಟರ್ ಏಳುವಾಗ ಮೊದಲು ಫರ್ಮ್‌ವೇರ್, ಆಮೇಲೆ ಬೂಟ್ ಲೋಡರ್, ಆಮೇಲೆ ಕಾರ್ಯಾಚರಣ ವ್ಯವಸ್ಥೆ ಹೀಗೆ ಹಂತಹಂತವಾಗಿ ಮೇಲೇಳುತ್ತದೆ. ಪ್ರತಿ ಹಂತದಲ್ಲೂ ಮುಂದಿನ ತುಣುಕಿನ ಅಳತೆ ತೆಗೆದು ಚಿಪ್ಪಿನ ದಾಖಲೆಯಲ್ಲಿ ಸೇರಿಸಲಾಗುತ್ತದೆ. ಒಂದಕ್ಷರ ಬದಲಾಗಿದ್ದರೂ ಅಳತೆ ಬೇರೆ ಬರುತ್ತದೆ. ಡಿಸ್ಕಿನ ಬೀಗದ ಕೈ ಚಿಪ್ಪಿನ ವಶದಲ್ಲಿದ್ದರೆ, ಅಳತೆಗಳು ಮೊದಲಿನಂತೆಯೇ ಇದ್ದಾಗ ಮಾತ್ರ ಅದು ಕೈ ಬಿಟ್ಟುಕೊಡುತ್ತದೆ. ಅದರೊಳಗೆ ಹುಟ್ಟಿದ ಗುಟ್ಟಿನ ಕೀಲಿ ಹೊರಗೆ ಬರುವುದೇ ಇಲ್ಲ. ಲ್ಯಾಪ್‌ಟಾಪ್ ಕದ್ದವನು ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಅವನಿಗೆ ಅರ್ಥವಿಲ್ಲದ ಅಂಕಿಗಳಷ್ಟೇ ಕಾಣುತ್ತವೆ.

2003ರಲ್ಲಿ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಎಂಬ ಕಂಪನಿಗಳ ಒಕ್ಕೂಟ ಹುಟ್ಟಿ ಈ ಚಿಪ್ಪಿನ ನಿಯಮಗಳನ್ನು ಬೆಳೆಸಿತು. ಹಳೆಯ 1.2 ಆವೃತ್ತಿ ಅಳತೆಗೆ ಶಾ-1 ಎಂಬ ಗಣಿತವನ್ನು ನಂಬಿತ್ತು. ಎರಡು ಬೇರೆ ಬೇರೆ ಕಡತಗಳಿಗೆ ಶಾ-1 ಒಂದೇ ಅಳತೆ ಕೊಡುವಂತೆ ಮಾಡಬಹುದೆಂದು 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರೂ ಗೂಗಲ್ಲಿನವರೂ ಸೇರಿ ತೋರಿಸಿದರು. 2.0 ಆವೃತ್ತಿ ಹೆಚ್ಚು ಬಲವಾದ ಶಾ-256 ಬಳಸಬಲ್ಲದು. ಆದ್ದರಿಂದ ಹೊಸ ಚಿಪ್ ಕೇಳುವುದರಲ್ಲಿ ನ್ಯಾಯವಿದೆ.

ಚಿಪ್ಪಿನ ಕಾವಲು ಕೊಪ್ಪಳ ಜಿಲ್ಲೆಗೆ ಎಂದೋ ಬಂದಿದೆ. ಕಿಸೆಯಲ್ಲಿರುವ ಎಟಿಎಂ ಕಾರ್ಡಿನ ಮೇಲಿನ ಹೊಂಬಣ್ಣದ ಚೌಕ ನೋಡಿ. ಬರೀ ಕಪ್ಪು ಪಟ್ಟಿಯಿದ್ದ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡುಗಳಾಗಿ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತ್ತು. ಮೊಬೈಲಿನ ಸಿಮ್ಮಿನಲ್ಲೂ ಇಂಥದೇ ಕಾವಲುಗಾರನಿದ್ದಾನೆ. ಅಧಿಕಾರಿಗಳೂ ಲೆಕ್ಕಪರಿಶೋಧಕರೂ ಡಿಜಿಟಲ್ ಸಹಿ ಹಾಕಲು ಚುಚ್ಚುವ ಯುಎಸ್‌ಬಿ ಟೋಕನ್ನಿನೊಳಗೂ ಅವನೇ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಭೂಮಿ ಯೋಜನೆಯಡಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ತಾಲ್ಲೂಕು ಕಚೇರಿಯ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಹೊಲದ ಹೆಸರನ್ನು ಯಾರು ತಿದ್ದಿದರೆಂಬುದು ದಾಖಲಾಗಬೇಕೆಂಬುದೇ ಅದರ ಉದ್ದೇಶ. ಎರಡೆಕರೆಗಾಗಿ ತಲೆಮಾರುಗಟ್ಟಲೆ ಕೋರ್ಟು ತಿರುಗಿದ ನಮ್ಮ ರೈತರಿಗೆ ಈ ಕಾವಲಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾವಲು ತಪ್ಪಿದರೆ ಏನಾಗುತ್ತದೆಂದು 2017ರ ಮೇ 12ರಂದು ಶುರುವಾದ ವಾನಾಕ್ರೈ ದಾಳಿ ತೋರಿಸಿತು. ಎರಡು ತಿಂಗಳ ಮೊದಲೇ ಬಂದಿದ್ದ ತೇಪೆಯನ್ನು ಹಾಕಿಕೊಳ್ಳದ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಕೆಲವೇ ದಿನಗಳಲ್ಲಿ ಬೀಗ ಬಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಿದವು. ನಮ್ಮ ನೆರೆಯ ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಹಳ್ಳಿಯ ಆಧಾರ್, ಬ್ಯಾಂಕ್, ಪಿಂಚಣಿ ಕಾಗದಗಳನ್ನೆಲ್ಲ ಒಂದೇ ಯಂತ್ರದಲ್ಲಿಟ್ಟುಕೊಂಡ ಸೇವಾ ಕೇಂದ್ರದವರು ಈ ಮಾತನ್ನು ಮರೆಯಬಾರದು. ತೇಪೆ ಬಾರದ ಯಂತ್ರವನ್ನು ಇಂಟರ್ನೆಟ್ಟಿಗೆ ಹಚ್ಚಿ ಊರವರ ಗುಟ್ಟುಗಳನ್ನು ಅದರಲ್ಲಿಡುವುದು ಊರಿಗೆ ಮಾಡುವ ಅನ್ಯಾಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅಂಗಡಿಯವರು "ಚಿಪ್ ಇಲ್ಲ" ಎಂದು ಕಳಿಸಿದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಚಿಪ್ ಇದೆ. ಇಂಟೆಲ್ 2013ರ ನಾಲ್ಕನೆಯ ಪೀಳಿಗೆಯಿಂದಲೇ ಪಿಟಿಟಿ ಎಂಬ ಹೆಸರಿನಲ್ಲಿ ಈ ಕೆಲಸವನ್ನು ಫರ್ಮ್‌ವೇರಿನೊಳಗೆ ಸೇರಿಸತೊಡಗಿತು. ಎಎಂಡಿ ಕಂಪನಿಯ ಪ್ರೊಸೆಸರುಗಳಲ್ಲಿ ಇದಕ್ಕೆ ಎಫ್‌ಟಿಪಿಎಂ ಎಂದು ಹೆಸರು. 2016ರ ಜುಲೈ ಕೊನೆಯಿಂದ ವಿಂಡೋಸ್ 10 ಹಾಕಿ ಮಾರುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಲೇಬೇಕೆಂದು ಮೈಕ್ರೋಸಾಫ್ಟೇ ತಯಾರಕರಿಗೆ ಹೇಳಿತ್ತು. ಬಿಡಿಭಾಗ ಕೂಡಿಸಿ ಕಟ್ಟಿದ ಡೆಸ್ಕ್‌ಟಾಪುಗಳಲ್ಲಿ ಇದನ್ನು ಎಷ್ಟೋ ಸಲ ಮುಚ್ಚಿಯೇ ಇಟ್ಟಿರುತ್ತಾರೆ. ಕುಷ್ಟಗಿಯ ನಮ್ಮ ಬಂಧುವೊಬ್ಬರ ಡೆಸ್ಕ್‌ಟಾಪನ್ನು ಹೀಗೆಯೇ ತಳ್ಳಿಹಾಕಿದ್ದರು. ಬಯಾಸ್‌ಗೆ, ಅಂದರೆ ಫರ್ಮ್‌ವೇರಿನ ಸೆಟ್ಟಿಂಗಿಗೆ, ಹೋಗಿ ನೋಡಿದರೆ ಪಿಟಿಟಿ ಎಂಬ ಸಾಲಿನ ಎದುರು "ಡಿಸೇಬಲ್ಡ್" ಎಂದಿತ್ತು. ಅದನ್ನು ತೆರೆದು, ಸೆಕ್ಯೂರ್ ಬೂಟ್ ಚಾಲೂ ಮಾಡಿದ ಸಂಜೆಯೇ ಯಂತ್ರ ಹನ್ನೊಂದಕ್ಕೆ ಏರಿತು. ಅದರ ಪ್ರೊಸೆಸರ್ ಎಂಟನೆಯ ಪೀಳಿಗೆಯದು. ಹೊಸದಕ್ಕೆಂದು ಎತ್ತಿಟ್ಟಿದ್ದ ದುಡ್ಡು ಮಗನ ಹಾಸ್ಟೆಲ್ಲಿಗೆ ಹೋಯಿತು.

ಆದರೆ ಆರನೆಯ, ಏಳನೆಯ ಪೀಳಿಗೆಯ ಯಂತ್ರಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲಿಗೆ ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಇದೆ, ಓಡುವ ಶಕ್ತಿಯೂ ಇದೆ. ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೇ. ಬಾಗಿಲು ಮುಚ್ಚಿದ್ದು ಪ್ರೊಸೆಸರಿನ ಪಟ್ಟಿ, ಕೆಟ್ಟ ಹೆಸರು ಬಂದಿದ್ದು ಚಿಪ್ಪಿಗೆ. ವಿಂಡೋಸ್ 11ಕ್ಕೆ ಏರಲಾಗದೆ ಲೋಕದಲ್ಲಿ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅಂದಾಜು ಮಾಡಿತು. ಆ 24 ಕೋಟಿಯಲ್ಲಿ ನಮ್ಮ ಗಿರಣಿಯ, ನಮ್ಮ ಶಾಲೆಯ, ನಮ್ಮ ಹುಡುಗಿಯ ಯಂತ್ರವೂ ಸೇರುತ್ತದೆ. 37 ಸಾವಿರ ರೂಪಾಯಿಯ ಒಂದು ಸಾಧಾರಣ ಲ್ಯಾಪ್‌ಟಾಪ್ ಎಂದರೆ ಬೆಂಗಳೂರಿನ ಕಂಪನಿಗೆ ಒಂದು ಸಣ್ಣ ಬಿಲ್ಲು. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಆ ಕೂಲಿಗೆ ಬದು ಹಾಕಿದ, ಕೆರೆ ಹೂಳೆತ್ತಿದ ಯಲಬುರ್ಗಾದ ತಾಯಿಗೆ ಅದೇ ಲ್ಯಾಪ್‌ಟಾಪ್ ಎಂದರೆ ಬಿಸಿಲಲ್ಲಿ ದುಡಿದ ನೂರು ದಿನ.

ಈ ಚಿಪ್ ಯಾರ ಪರವಾಗಿ ಕಾಯುತ್ತದೆ ಎಂಬ ಪ್ರಶ್ನೆ ಹಳೆಯದು. ಒಕ್ಕೂಟ ಇನ್ನೂ ರೂಪುಗೊಳ್ಳುತ್ತಿದ್ದ 2002ರ ಹೊತ್ತಿಗೇ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್, ಕೇಂಬ್ರಿಜ್‌ನ ಭದ್ರತಾ ತಜ್ಞ ರಾಸ್ ಆಂಡರ್ಸನ್ ಇಬ್ಬರೂ ಇದನ್ನು ಎತ್ತಿದ್ದರು. ದುಡ್ಡು ಕೊಟ್ಟು ಕೊಂಡವನಿಗಿಂತ ತಯಾರಿಸಿದವನ ಮಾತನ್ನು ಯಂತ್ರ ಹೆಚ್ಚು ಕೇಳುವಂತಾದರೆ ಗತಿಯೇನು ಎಂದು ಅವರು ಎಚ್ಚರಿಸಿದರು. ನನಗನಿಸುವುದಿಷ್ಟು: ಕಾವಲು ಒಳ್ಳೆಯದು, ಕಾವಲಿನ ಹೆಸರಿನಲ್ಲಿ ಬೇರೆಯವರು ನಮ್ಮ ವಸ್ತುವಿನ ಆಯುಷ್ಯ ನಿಗದಿ ಮಾಡುವುದು ಒಳ್ಳೆಯದಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವ ತಿಳಿವಳಿಕೆ ನಮಗೆ ಬರಬೇಕು.

ಆ ತಿಳಿವಳಿಕೆಯ ದಾರಿ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆಯ ಕಡೆಗೂ ಹೋಗುತ್ತದೆ. ಲಿನಕ್ಸ್ ಮಿಂಟ್, ಉಬುಂಟು ಇಂಥ ವ್ಯವಸ್ಥೆಗಳಿಗೆ ಟಿಪಿಎಂ ಇದ್ದರೆ ಬಳಸಿಕೊಳ್ಳಲು ಬರುತ್ತದೆ, ಇಲ್ಲದಿದ್ದರೂ ಅವು ಓಡುತ್ತವೆ, ತೇಪೆಗಳೂ ಪುಕ್ಕಟೆ ಬರುತ್ತಲೇ ಇರುತ್ತವೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಮಿಂಟ್ ಆರಾಮಾಗಿ ನಡೆಯುತ್ತದೆ. ಕನ್ನಡಕ್ಕೆ ಅಲ್ಲಿ ಕೊರತೆಯಿಲ್ಲ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಚಂದದ ಅಕ್ಷರಗಳಿವೆ. ಲಿಬ್ರೆ ಆಫೀಸಿನ ಮೆನುಗಳನ್ನೇ ಕನ್ನಡದಲ್ಲಿ ಓದಬಹುದು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ಮಾಡುತ್ತಿವೆ. ನಮ್ಮ ರಾಜ್ಯದಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಎಷ್ಟೋ ಶಿಕ್ಷಕರು ಉಬುಂಟು ಕಲಿತರು. ಆ ಕಲಿಕೆ ಮರೆತುಹೋಗಲು ಬಿಡಬಾರದು.

ಎಲ್ಲರಿಗೂ ಲಿನಕ್ಸ್ ಹಾಕಿ ಎಂದು ನಾನು ಹೇಳಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗಿರಣಿಗೆ, ಪೇಜ್‌ಮೇಕರ್ ಬಿಟ್ಟು ಕೈ ಓಡದ ಡಿಟಿಪಿಯವರಿಗೆ ಅದು ಸುಲಭದ ದಾರಿಯಲ್ಲ. ತೂಕದ ಕಟ್ಟೆಯ ಯಂತ್ರಕ್ಕೆ ಬೇರೆ ಉಪಾಯವಿದೆ. ಇಂಟರ್ನೆಟ್ ತಂತಿ ಕಿತ್ತುಬಿಡಿ, ಹೊರಗಿನ ಪೆನ್‌ಡ್ರೈವ್ ಹತ್ತಿರ ಬಿಡಬೇಡಿ, ಆಗ ಅದು ತನ್ನ ಪಾಡಿಗೆ ತಾನು ಇನ್ನೂ ಬಹಳ ದಿನ ತೂಗುತ್ತದೆ. ಬ್ಯಾಂಕು, ಜಿಎಸ್‌ಟಿ ಕೆಲಸಕ್ಕೆ ಬೇರೆ ಯಂತ್ರವಿರಲಿ. ಹಳೆಯ ಯಂತ್ರಕ್ಕೂ ಹನ್ನೊಂದನ್ನು ಅಡ್ಡದಾರಿಯಲ್ಲಿ ಹಾಕಿಕೊಡುವ ಅಂಗಡಿಗಳಿವೆ. ಅಂಥ ಯಂತ್ರಕ್ಕೆ ಮುಂದೆ ತೇಪೆ ಬರುತ್ತದೆಂಬ ಖಾತರಿಯನ್ನು ಕಂಪನಿ ಕೊಡುವುದಿಲ್ಲ. ಮನೆಯಲ್ಲಿ ಸಿನಿಮಾ ನೋಡಲು ಅದು ಸಾಕು, ಊರವರ ಆಧಾರ್ ಇಡಲು ಸಾಲದು.

ಹೊಸ ಲ್ಯಾಪ್‌ಟಾಪ್ ಕೊಂಡವರಿಗೂ ಒಂದು ಮಾತಿದೆ. ಈಗಿನ ಎಷ್ಟೋ ಯಂತ್ರಗಳು ಕೊಂಡವರಿಗೆ ಗೊತ್ತಾಗದಂತೆಯೇ ಡಿಸ್ಕಿಗೆ ಬೀಗ ಹಾಕಿಕೊಂಡಿರುತ್ತವೆ, ಕೈ ಟಿಪಿಎಂ ಹತ್ತಿರ ಇರುತ್ತದೆ. ಮದರ್‌ಬೋರ್ಡ್ ಬದಲಿಸಿದ ದಿನ ಯಂತ್ರ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಆ ಕೀಲಿ ಮೊದಲ ದಿನ ತೆರೆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೂತಿರುತ್ತದೆ. ಖಾತೆಯನ್ನು ಅಂಗಡಿಯ ಹುಡುಗ ಯಾವುದೋ ಇಮೇಲಿನಲ್ಲಿ ತೆರೆದುಕೊಟ್ಟಿದ್ದರೆ, ಮಗುವಿನ ತೊಟ್ಟಿಲ ಫೋಟೊದಿಂದ ಹಿಡಿದು ಮೂರು ವರ್ಷದ ಲೆಕ್ಕದವರೆಗೆ ಎಲ್ಲವೂ ಕಣ್ಣೆದುರೇ ಕೈತಪ್ಪುತ್ತದೆ. ಕಳ್ಳನನ್ನು ತಡೆಯುವ ಚಿಪ್ ಕೀಲಿ ಕಳೆದುಕೊಂಡ ಯಜಮಾನನನ್ನೂ ಹಾಗೆಯೇ ತಡೆಯುತ್ತದೆ. ಆದ್ದರಿಂದ ಖಾತೆ ನಿಮ್ಮದೇ ಇರಲಿ, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಹೊಲದ ಪತ್ರಗಳ ಜೊತೆ ಇಡಿ.

ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯ ವಿಷಯ ಬಂದಾಗಲೆಲ್ಲ ಕೊಪ್ಪಳದ ಬಂಡೆಗಳು ನನಗೆ ನೆನಪಾಗುತ್ತವೆ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಮಳೆ ಬಿಸಿಲಿಗೆ ಕಲ್ಲು ಜಗ್ಗಲಿಲ್ಲ. ಆದರೆ ಬ್ರಾಹ್ಮಿ ಓದುವ ವಿದ್ಯೆ ನಡುವೆ ಲೋಕದಿಂದಲೇ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವತನಕ ನಾಡಿನ ಇಂಥ ಕಲ್ಲುಗಳೆಲ್ಲ ಮಾತು ಬಾರದೆ ನಿಂತಿದ್ದವು. ನಮ್ಮ ಹಾರ್ಡ್ ಡಿಸ್ಕುಗಳಲ್ಲಿ ಇಪ್ಪತ್ತು ವರ್ಷಗಳಿಂದ ತುಂಬಿರುವ ಹಳೆಯ ನುಡಿ ಅಕ್ಷರಗಳ ಕಡತಗಳಿಗೂ ಇಂಥ ಅಪಾಯವಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅವು ಗೀಚುಗೀಚಾದ ಇಂಗ್ಲಿಷ್ ಚಿಹ್ನೆಗಳು. ಊರಿನ ಪುರಾಣದ ಹಾಡು, ಸಂಘದ ನಡಾವಳಿ, ಹಿರಿಯರೊಬ್ಬರ ನೆನಪಿನ ಪುಸ್ತಕ ಎಲ್ಲ ಅದರಲ್ಲಿವೆ. ಯೂನಿಕೋಡಿಗೆ ಬದಲಿಸಿಟ್ಟರೆ ವಿಂಡೋಸ್, ಲಿನಕ್ಸ್, ಮೊಬೈಲು ಎಲ್ಲೆಡೆಯೂ ಅವು ಕನ್ನಡವಾಗಿಯೇ ತೆರೆದುಕೊಳ್ಳುತ್ತವೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೇಳಿದ ನಾಲ್ಕು ಊರುಗಳಲ್ಲಿ ಕೊಪಣವೂ, ಅಂದರೆ ನಮ್ಮ ಕೊಪ್ಪಳವೂ, ಒಂದು. ಆ ನೆಲದವರು ತಮ್ಮ ಕನ್ನಡವನ್ನು ಮುಂದಿನವರು ಓದದಂತೆ ಬಿಟ್ಟುಹೋಗಬಾರದು.

ಯಂತ್ರಗಳನ್ನೂ ಕಡತಗಳನ್ನೂ ಉಳಿಸುವ ಈ ಕೆಲಸಕ್ಕೆ ಕೈಗಳ ಕೊರತೆಯೂ ಇಲ್ಲ. ನಮ್ಮ ಜಿಲ್ಲೆಯ ತಳಕಲ್ಲಿನಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಒಂದೊಂದು ತಾಲ್ಲೂಕಿಗೆ ಹೋಗಿ ಜನರ ಯಂತ್ರಗಳನ್ನು ಪರೀಕ್ಷಿಸಿ, ಮುಚ್ಚಿದ ಚಿಪ್ಪುಗಳನ್ನು ತೆರೆದು, ಆಗದಿದ್ದಲ್ಲಿ ಲಿನಕ್ಸ್ ಹಾಕಿಕೊಟ್ಟರೆ ಅದಕ್ಕಿಂತ ದೊಡ್ಡ ಪ್ರಾಜೆಕ್ಟ್ ಯಾವುದಿದೆ? ಕಚೇರಿಗಳೂ ಬ್ಯಾಂಕುಗಳೂ ಹೊಸದು ಕೊಂಡಾಗ ಬಿಡುವ ಹಳೆಯ ಯಂತ್ರಗಳು, ಡಿಸ್ಕ್ ಪೂರ್ತಿ ಅಳಿಸಿದ ಮೇಲೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ಹೋಗಲಿ. ನಿಜಕ್ಕೂ ಕೆಟ್ಟುಹೋದವನ್ನು ಗುಜರಿಗೆ ಹಾಕಿ ಸುಡಿಸದೆ, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲಿ. ಸೀಸವೂ ಪಾದರಸವೂ ನಮ್ಮ ಎರೆಮಣ್ಣಿಗೆ ಇಳಿಯುವುದು ಬೇಡ.

ಕೊನೆಗೆ, ಓದುಗರಲ್ಲಿ ನನ್ನ ಕೋರಿಕೆ. ಯಾರೋ "ಇದಕ್ಕ ಹತ್ತಂಗಿಲ್ಲ" ಎಂದರೆಂದು ಯಂತ್ರವನ್ನು ಅಟ್ಟಕ್ಕೆ ಎಸೆಯಬೇಡಿ, ಸಾಲ ಮಾಡಿ ಹೊಸದನ್ನು ತರಲು ಓಡಬೇಡಿ. ವಿಂಡೋಸ್ ಗುಂಡಿ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿ, tpm.msc ಎಂದು ಬರೆದು ಎಂಟರ್ ಹೊಡೆಯಿರಿ. ಚಿಪ್ ಇದೆಯೋ ಇಲ್ಲವೋ, ಇದ್ದರೆ ಯಾವ ಆವೃತ್ತಿಯದು ಎಂಬುದು ಅಲ್ಲೇ ಕಾಣುತ್ತದೆ. ಇಲ್ಲವೆಂದು ಬಂದರೆ ತಿಳಿದವರನ್ನು ಕೂರಿಸಿಕೊಂಡು ಬಯಾಸ್ ನೋಡಿ, ಆಮೇಲೆ ಪ್ರೊಸೆಸರಿನ ಪೀಳಿಗೆ ನೋಡಿ. ಯಾವುದಕ್ಕೂ ಕೈ ಹಚ್ಚುವ ಮೊದಲು ಕಡತಗಳ ಇನ್ನೊಂದು ಪ್ರತಿ ತೆಗೆದಿಡಿ. ಕೊಳ್ಳುವುದು ಇವೆಲ್ಲದರ ನಂತರದ ಮಾತು.